ಒತ್ತಡದ ಜಾಡು ಹಿಡಿದ ಹಾನ್ಸ್ ಸೆಲ್ಯೆ

ಮಕ್ಕಳೇ, ತರಗತಿಯಲ್ಲಿ ಮೇಷ್ಟ್ರು ಇದ್ದಕ್ಕಿದ್ದಂತೆ ನಿಮ್ಮ ಹೆಸರು ಕರೆದು, ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಲು ಹೇಳಿದರೆ ನಿಮಗೆ ಏನಾಗುತ್ತದೆ? ಎದೆ ಡವಡವ ಹೊಡೆದುಕೊಳ್ಳುತ್ತದೆ. ಬಾಯಿ ಒಣಗುತ್ತದೆ. ಅಂಗೈ ಬೆವರುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗಲೂ ಹೀಗೆಯೇ ಆಗುತ್ತದೆ, ಅಲ್ಲವೇ? ನಾಯಿ ಬೇರೆ, ಲೆಕ್ಕ ಬೇರೆ. ಆದರೆ ದೇಹ ಎರಡಕ್ಕೂ ಒಂದೇ ಬಗೆಯ ಉತ್ತರ ಕೊಡುತ್ತದೆ. ಏಕೆ?

ಈ ಪ್ರಶ್ನೆಯ ಬೆನ್ನು ಹತ್ತಿ ಇಡೀ ಜೀವನ ಕಳೆದ ವಿಜ್ಞಾನಿ ಹಾನ್ಸ್ ಸೆಲ್ಯೆ. ಇಂದು ನಾವು ದಿನನಿತ್ಯ ಆಡುವ ‘ಒತ್ತಡ’, ‘ಸ್ಟ್ರೆಸ್’ ಎಂಬ ಮಾತುಗಳು ವೈದ್ಯವಿಜ್ಞಾನದಲ್ಲಿ ಬೇರೂರಿದ್ದು ಇವರಿಂದ. ನಿಮ್ಮ ವಿಜ್ಞಾನ ಪಾಠದಲ್ಲಿ ಬರುವ ಗಾಳಿಯ ಒತ್ತಡ, ನೀರಿನ ಒತ್ತಡ ಬೇರೆ. ಇದು ದೇಹದ ಮತ್ತು ಮನಸ್ಸಿನ ಒತ್ತಡ.

ಗಡಿಯೂರಿನ ಹುಡುಗ

ಸೆಲ್ಯೆ ಹುಟ್ಟಿದ್ದು 1907ರ ಜನವರಿ 26ರಂದು, ಯುರೋಪಿನ ವಿಯೆನ್ನಾ ನಗರದಲ್ಲಿ. ತಂದೆ ಹಂಗೇರಿಯವರು, ಸೈನ್ಯದಲ್ಲಿ ಶಸ್ತ್ರವೈದ್ಯರು. ತಾಯಿ ಆಸ್ಟ್ರಿಯಾದವರು. ಬಾಲಕ ಬೆಳೆದದ್ದು ಡ್ಯಾನ್ಯೂಬ್ ನದಿಯ ದಡದ ಕೊಮಾರೊಮ್ ಎಂಬ ಊರಿನಲ್ಲಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ದೇಶಗಳ ಗಡಿ ಬದಲಾಯಿತು. ನದಿಯ ಒಂದು ದಡ ಒಂದು ದೇಶಕ್ಕೆ, ಇನ್ನೊಂದು ದಡ ಇನ್ನೊಂದು ದೇಶಕ್ಕೆ ಸೇರಿ ಊರು ಎರಡಾಯಿತು. ಇಂತಹ ಊರಿನಲ್ಲಿ ಬೆಳೆದ ಸೆಲ್ಯೆ ಚಿಕ್ಕಂದಿನಲ್ಲೇ ಹಲವು ಭಾಷೆಗಳನ್ನು ಕಲಿತರು.

ಮುಂದೆ ಅವರು ಪ್ರಾಗ್ ನಗರದಲ್ಲಿ ವೈದ್ಯಶಿಕ್ಷಣಕ್ಕೆ ಸೇರಿದರು. 1926ರ ಸುಮಾರಿಗೆ ಒಂದು ದಿನ ಪ್ರಾಧ್ಯಾಪಕರು ಬೇರೆ ಬೇರೆ ಕಾಯಿಲೆಯ ಕೆಲವು ರೋಗಿಗಳನ್ನು ತರಗತಿಗೆ ಕರೆತಂದು, ಪ್ರತಿಯೊಬ್ಬರ ಕಾಯಿಲೆಯ ವಿಶೇಷ ಲಕ್ಷಣಗಳನ್ನು ವಿವರಿಸಿದರು. ಸೆಲ್ಯೆ ಗಮನಿಸಿದ್ದೇ ಬೇರೆ. ಎಲ್ಲ ರೋಗಿಗಳೂ ಬಳಲಿದ್ದರು. ಯಾರಿಗೂ ಹಸಿವಿರಲಿಲ್ಲ. ಎಲ್ಲರಿಗೂ ಮೈಕೈ ನೋವಿತ್ತು. ಕಾಯಿಲೆ ಯಾವುದೇ ಇರಲಿ, ಕಾಯಿಲೆ ಬಿದ್ದವರೆಲ್ಲ ಒಂದೇ ರೀತಿ ಕಾಣುವುದು ಏಕೆ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಮೂಡಿತು. ಆದರೆ ಆಗ ಅದಕ್ಕೆ ಉತ್ತರ ಹುಡುಕುವ ದಾರಿ ಅವರ ಬಳಿ ಇರಲಿಲ್ಲ.

ಕೈಕೊಟ್ಟ ಕನಸು

1929ರಲ್ಲಿ ಸೆಲ್ಯೆ ವೈದ್ಯರಾದರು. 1931ರಲ್ಲಿ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಅಮೆರಿಕಕ್ಕೆ ಹೋದರು. ಮರುವರ್ಷ ಕೆನಡಾ ದೇಶದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರಿಗೆ ಮಾರ್ಗದರ್ಶಕರಾಗಿದ್ದವರು ಜೇಮ್ಸ್ ಕಾಲಿಪ್. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್ನನ್ನು ಶುದ್ಧೀಕರಿಸಿ ಹೆಸರಾದವರು ಇವರೇ.

ಅದು ಹೊಸ ಹೊಸ ಹಾರ್ಮೋನುಗಳು ಪತ್ತೆಯಾಗುತ್ತಿದ್ದ ಕಾಲ. ಹಾರ್ಮೋನು ಎಂದರೆ ನಮ್ಮ ದೇಹದ ಗ್ರಂಥಿಗಳು ರಕ್ತಕ್ಕೆ ಬಿಡುವ ರಾಸಾಯನಿಕ. ಅದು ಅಂಚೆಯಣ್ಣನಂತೆ ದೇಹದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸಂದೇಶ ಒಯ್ಯುತ್ತದೆ. ತಾನೂ ಒಂದು ಹೊಸ ಹಾರ್ಮೋನು ಕಂಡುಹಿಡಿಯಬೇಕು ಎಂಬುದು ಯುವಕ ಸೆಲ್ಯೆಯವರ ಕನಸು.

ಅವರು ಹಸುವಿನ ಅಂಡಾಶಯದಿಂದ ಸಾರ ತೆಗೆದು ಇಲಿಗಳಿಗೆ ಚುಚ್ಚಿದರು. ಇಲಿಗಳ ದೇಹದಲ್ಲಿ ಮೂರು ಬದಲಾವಣೆಗಳು ಕಂಡವು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ದಪ್ಪವಾದವು. ರೋಗದ ವಿರುದ್ಧ ಹೋರಾಡಲು ನೆರವಾಗುವ ಥೈಮಸ್ ಗ್ರಂಥಿ ಕುಗ್ಗಿತು. ಜಠರದಲ್ಲಿ ಹುಣ್ಣುಗಳಾದವು. ಹೊಸ ಹಾರ್ಮೋನು ಸಿಕ್ಕೇಬಿಟ್ಟಿತು ಎಂದು ಸೆಲ್ಯೆ ಸಂಭ್ರಮಿಸಿದರು.

ಆದರೆ ವಿಜ್ಞಾನಿ ಮತ್ತೆ ಮತ್ತೆ ಪರೀಕ್ಷಿಸಬೇಕಲ್ಲವೇ? ಅವರು ಬೇರೆ ಅಂಗಗಳ ಸಾರವನ್ನೂ ಚುಚ್ಚಿ ನೋಡಿದರು. ಅದೇ ಮೂರು ಬದಲಾವಣೆಗಳು ಕಂಡವು! ಕೊನೆಗೆ, ಸತ್ತ ಜೀವಿಗಳನ್ನು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ಎಂಬ ವಿಷದ್ರವವನ್ನು ಚುಚ್ಚಿದರು. ಆಗಲೂ ಅದೇ ಬದಲಾವಣೆಗಳು, ಇನ್ನೂ ಜೋರಾಗಿ! ಫಾರ್ಮಲಿನ್ನಿನಲ್ಲಿ ಹಾರ್ಮೋನು ಎಲ್ಲಿಂದ ಬರಬೇಕು? ಕನಸು ಒಡೆದುಹೋಯಿತು.

ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರೇನೋ. ಸೆಲ್ಯೆ ಹಲವು ದಿನ ಬೇಸರದಿಂದ ಯೋಚಿಸುತ್ತಾ ಕುಳಿತರು. ಆಗ ಪ್ರಾಗ್‌ನ ಆ ರೋಗಿಗಳ ನೆನಪಾಯಿತು. ಇಲಿಗಳ ದೇಹ ಯಾವುದೋ ಒಂದು ವಸ್ತುವಿಗೆ ಉತ್ತರ ಕೊಡುತ್ತಿರಲಿಲ್ಲ. ತನಗಾದ ತೊಂದರೆಗೆ ಉತ್ತರ ಕೊಡುತ್ತಿತ್ತು! ಇದನ್ನು ಪರೀಕ್ಷಿಸಲು ಅವರು ಕೆಲವು ಇಲಿಗಳನ್ನು ಕೊರೆಯುವ ಚಳಿಯಲ್ಲಿ ಇಟ್ಟರು. ಕೆಲವನ್ನು ಬಳಲುವವರೆಗೆ ಓಡಿಸಿದರು. ಫಲಿತಾಂಶ ಅದೇ.

1936ರ ಜುಲೈ 4ರ ‘ನೇಚರ್’ ಪತ್ರಿಕೆಯಲ್ಲಿ ಅವರ ಪುಟ್ಟ ಬರಹ ಪ್ರಕಟವಾಯಿತು. ದೇಹ ತೊಂದರೆಯನ್ನು ಎದುರಿಸುವುದು ಮೂರು ಹಂತಗಳಲ್ಲಿ ಎಂದು ಅವರು ವಿವರಿಸಿದರು. ಮೊದಲನೆಯದು ಅಪಾಯದ ಗಂಟೆ ಬಾರಿಸುವ ಹಂತ. ಎರಡನೆಯದು ತಡೆದುಕೊಂಡು ನಿಲ್ಲುವ ಹಂತ. ತೊಂದರೆ ಮುಗಿಯದಿದ್ದರೆ ಮೂರನೆಯದು, ಬಳಲಿ ಸೋಲುವ ಹಂತ. ಆ ಬರಹದಲ್ಲಿ ಸ್ಟ್ರೆಸ್ ಎಂಬ ಪದ ಇರಲಿಲ್ಲ. ಆ ಹೆಸರನ್ನು ಅವರು ಬಳಸಿದ್ದು ಆಮೇಲೆ.

ಕಾರ್ಟಿಸಾಲ್ ಎಂಬ ಸಂದೇಶಗಾರ

ಇದೆಲ್ಲ ದೇಹದೊಳಗೆ ಹೇಗೆ ನಡೆಯುತ್ತದೆ? ಅಪಾಯ ಎಂದು ಮೆದುಳಿಗೆ ಅನಿಸಿದ ಕೂಡಲೇ ಅದು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸುದ್ದಿ ಕಳಿಸುತ್ತದೆ. ಪಿಟ್ಯುಟರಿ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಆಗ ರಕ್ತದಲ್ಲಿ ಸಕ್ಕರೆಯ ಅಂಶ ಏರಿ ಓಡಲು, ಹೋರಾಡಲು ಶಕ್ತಿ ಸಿಗುತ್ತದೆ. ಅಪಾಯ ಕಳೆದ ಮೇಲೆ ಕಾರ್ಟಿಸಾಲ್ ಇಳಿಯುತ್ತದೆ. ಹೀಗೆ ಏರಿ ಇಳಿದರೆ ಒಳ್ಳೆಯದೇ. ತಿಂಗಳುಗಟ್ಟಲೆ ಇಳಿಯದೆ ಉಳಿದರೆ ಮಾತ್ರ ರೋಗನಿರೋಧಕ ಶಕ್ತಿ ಕುಂದುತ್ತದೆ, ದೇಹ ಸೊರಗುತ್ತದೆ.

1945ರಲ್ಲಿ ಸೆಲ್ಯೆ ಮಾಂಟ್ರಿಯಲ್ ವಿಶ್ವವಿದ್ಯಾಲಯಕ್ಕೆ ಬಂದು ದೊಡ್ಡ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. 1956ರಲ್ಲಿ ಸಾಮಾನ್ಯ ಜನರಿಗಾಗಿ ಒತ್ತಡದ ಬಗ್ಗೆ ಪುಸ್ತಕ ಬರೆದರು. ಎಲ್ಲ ಒತ್ತಡವೂ ಕೆಟ್ಟದ್ದಲ್ಲ, ಇಷ್ಟಪಟ್ಟು ಮಾಡುವ ಕೆಲಸದ ಒತ್ತಡ ನಮ್ಮನ್ನು ಬೆಳೆಸುತ್ತದೆ ಎಂದು ಸಾರಿದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1982ರ ಅಕ್ಟೋಬರ್ 16ರಂದು ಅವರು ತೀರಿಕೊಂಡರು.

ಮಕ್ಕಳೇ, ದೊಡ್ಡವರ ಜೀವನದಲ್ಲಿ ಒಪ್ಪಲಾಗದ ಸಂಗತಿಗಳೂ ಇರುತ್ತವೆ. ಸೆಲ್ಯೆ ತಂಬಾಕು ಕಂಪನಿಗಳಿಂದ ಹಣ ಪಡೆದಿದ್ದರು, ಧೂಮಪಾನದಿಂದ ಒತ್ತಡ ತಗ್ಗುತ್ತದೆ ಎಂಬಂತಹ ಮಾತುಗಳಿಂದ ಅವುಗಳಿಗೆ ನೆರವಾಗಿದ್ದರು ಎಂಬುದು ಅವರು ತೀರಿಕೊಂಡ ಮೇಲೆ ಹೊರಬಂದ ಕಡತಗಳಿಂದ ತಿಳಿಯಿತು. ಧೂಮಪಾನ ಕ್ಯಾನ್ಸರಿಗೆ ದಾರಿ ಎಂಬುದು ನಿಮಗೆ ಗೊತ್ತು. ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಅವರ ಮಾತಿಗೆ ಆಧಾರವೇನು ಎಂದು ನಾವು ಕೇಳಲೇಬೇಕು.

ಪಂಜರದ ಕೋತಿ ಹೇಳಿದ ಸತ್ಯ

ಸೆಲ್ಯೆ ಹೇಳಿದ್ದರಲ್ಲಿ ಎಲ್ಲವೂ ಹಾಗೆಯೇ ಉಳಿಯಲಿಲ್ಲ. ಅಮೆರಿಕದ ಜಾನ್ ಮೇಸನ್ ಎಂಬ ವಿಜ್ಞಾನಿ ಪಂಜರದ ಕೋತಿಗಳಿಗೆ ಕೆಲವು ದಿನ ಆಹಾರ ಕೊಡದೆ, ಅವುಗಳ ಮೂತ್ರದಲ್ಲಿ ಒತ್ತಡದ ಹಾರ್ಮೋನಿನ ಅಂಶವನ್ನು ಅಳೆದರು. ಪಕ್ಕದ ಪಂಜರದ ಕೋತಿಗಳು ತಿನ್ನುವುದನ್ನು ನೋಡುತ್ತಾ ಹಸಿದು ಕುಳಿತವುಗಳಲ್ಲಿ ಅದು ಏರಿತು. ಆಮೇಲೆ ಕೋತಿಗಳನ್ನು ಪ್ರತ್ಯೇಕವಾಗಿ ಇಟ್ಟು, ಹಣ್ಣಿನ ರುಚಿಯಿದ್ದರೂ ಪೋಷಕಾಂಶವೇ ಇಲ್ಲದ ಗುಳಿಗೆಗಳನ್ನು ಕೊಟ್ಟರು. ಆಗಲೂ ದೇಹಕ್ಕೆ ಉಪವಾಸವೇ. ಆದರೆ ಹಾರ್ಮೋನು ಏರಲಿಲ್ಲ! ಹಸಿವಿಗಿಂತ, ತನಗೆ ಮಾತ್ರ ಸಿಗಲಿಲ್ಲ ಎಂಬ ಸಂಕಟವೇ ಹೆಚ್ಚು ಕಾಡಿತ್ತು. ಒತ್ತಡದಲ್ಲಿ ಮನಸ್ಸಿನ ಪಾಲು ಎಷ್ಟು ದೊಡ್ಡದು ನೋಡಿ!

ಪಂಜರದ ಕೋತಿಗಳ ಮೈಮೇಲೆ ಕೂದಲು ಉದುರಿ ಚರ್ಮ ಕಾಣುವುದುಂಟು. ಇದು ಒತ್ತಡದಿಂದಲೇ? ತಿಳಿಯಲು ಕಾರ್ಟಿಸಾಲ್ ಅಳೆಯಬೇಕು. ಆದರೆ ರಕ್ತ ತೆಗೆಯಲು ಕೋತಿಯನ್ನು ಹಿಡಿದರೆ ಆ ಗಾಬರಿಗೇ ಕಾರ್ಟಿಸಾಲ್ ಏರಿಬಿಡುತ್ತದೆ! ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸುತ್ತದೆ.

ಇದಕ್ಕೆ ಉಪಾಯ ಸಿಕ್ಕಿದ್ದು ಕೂದಲಿನಲ್ಲಿಯೇ. ಕೂದಲು ಬೆಳೆಯುವಾಗ ರಕ್ತದಲ್ಲಿರುವ ಕಾರ್ಟಿಸಾಲ್ ಸ್ವಲ್ಪ ಸ್ವಲ್ಪವಾಗಿ ಅದರೊಳಗೆ ಸೇರುತ್ತದೆ. ಆದ್ದರಿಂದ ಕೂದಲು ಕಳೆದ ವಾರಗಳ, ತಿಂಗಳುಗಳ ದಿನಚರಿ ಇದ್ದ ಹಾಗೆ. ಕತ್ತಿನ ಹಿಂಭಾಗದ ಕೂದಲನ್ನು ಬೋಳಿಸಿ ತೆಗೆಯುತ್ತಾರೆ. ಕೊಳೆ, ಬೆವರು ಹೋಗುವಂತೆ ತೊಳೆದು ಒಣಗಿಸುತ್ತಾರೆ. ನುಣ್ಣಗೆ ಪುಡಿ ಮಾಡಿ, ಮೆಥನಾಲ್ ಎಂಬ ದ್ರವದಲ್ಲಿ ನೆನೆಸುತ್ತಾರೆ. ಪುಡಿಯಿಂದ ಕಾರ್ಟಿಸಾಲ್ ದ್ರವಕ್ಕೆ ಇಳಿಯುತ್ತದೆ. ಅದನ್ನು ಅಳೆಯುತ್ತಾರೆ. ಹಿಡಿಯುವಾಗಿನ ಗಾಬರಿ ಈ ಅಳತೆಯನ್ನು ಕೆಡಿಸುವುದಿಲ್ಲ.

2006ರಲ್ಲಿ ಅಮೆರಿಕದ ವಿಜ್ಞಾನಿಗಳು ರೀಸಸ್ ಕೋತಿಗಳ ಮೇಲೆ ನಡೆಸಿದ ಇಂತಹ ಅಧ್ಯಯನ ಪ್ರಕಟವಾಯಿತು. ಕೋತಿಗಳನ್ನು ಹಳೆಯ ಕಟ್ಟಡದಿಂದ ಹೊಸ ಕಟ್ಟಡಕ್ಕೆ ಸಾಗಿಸಿದ ಮೇಲೆ ಅವುಗಳ ಕೂದಲಿನಲ್ಲಿ ಕಾರ್ಟಿಸಾಲ್ ಏರಿತ್ತು. ಸುಮಾರು ಒಂದು ವರ್ಷದ ಹೊತ್ತಿಗೆ ಮತ್ತೆ ಇಳಿದಿತ್ತು. ಮನೆ ಬದಲಾದ ಸಂಕಟವನ್ನು ಕೂದಲು ಬರೆದಿಟ್ಟುಕೊಂಡಿತ್ತು!

ರೀಸಸ್ ಕೋತಿ ನಮ್ಮ ಉತ್ತರ ಭಾರತದಲ್ಲಿಯೂ ಇರುವ ಜಾತಿ. ನಮ್ಮೂರ ಮಂಗಗಳ ಹತ್ತಿರದ ಬಂಧು. ಒಂದು ಕಾಲದಲ್ಲಿ ಭಾರತದಿಂದ ವಿದೇಶಗಳ ಪ್ರಯೋಗಾಲಯಗಳಿಗೆ ಇವುಗಳನ್ನು ಭಾರಿ ಸಂಖ್ಯೆಯಲ್ಲಿ ಕಳಿಸುತ್ತಿದ್ದರು. 1978ರಲ್ಲಿ ನಮ್ಮ ಸರ್ಕಾರ ಅದನ್ನು ನಿಲ್ಲಿಸಿತು.

ಕೂದಲು ಉದುರಿದ ಕೋತಿಗಳಲ್ಲಿ ಕಾರ್ಟಿಸಾಲ್ ಹೆಚ್ಚಿರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಕೂದಲು ಉದುರಿದ್ದೆಲ್ಲ ಒತ್ತಡದಿಂದಲೇ ಎನ್ನುವಂತಿಲ್ಲ. ಋತು ಬದಲಾದಾಗ, ಬಸಿರಾದಾಗ, ವಯಸ್ಸಾದಾಗ, ಚರ್ಮರೋಗ ಬಂದಾಗಲೂ ಕೂದಲು ಉದುರುತ್ತದೆ. ಕೆಲವು ಕೋತಿಗಳು ತಮ್ಮ ಕೂದಲನ್ನು ತಾವೇ ಕೀಳುತ್ತವೆ. ಕಾರಣ ತಿಳಿದರೆ ಮಾತ್ರ ಸರಿಯಾದ ಉಪಾಯ ಸಾಧ್ಯ. ಜೊತೆಗೊಂದು ಸಂಗಾತಿ, ಹತ್ತಿ ಜಿಗಿಯಲು ಜಾಗ, ಹುಡುಕಿ ತಿನ್ನುವಂತೆ ಹುದುಗಿಸಿಟ್ಟ ಕಾಳು, ಇವು ಪಂಜರದ ಬದುಕನ್ನು ಸ್ವಲ್ಪ ಹಗುರ ಮಾಡುತ್ತವೆ.

ಇಲಿಗೂ ಕೋತಿಗೂ ತಮ್ಮ ಸಂಕಟವನ್ನು ಬಾಯಿಬಿಟ್ಟು ಹೇಳಲು ಬಾರದು. ಸೆಲ್ಯೆಯವರ ಇಲಿಗಳು ಪಟ್ಟ ನೋವು ಸಣ್ಣದಲ್ಲ. ಅವುಗಳಿಂದ ಕಲಿತ ವಿದ್ಯೆ ಇಂದು ಮೂಕಜೀವಿಗಳ ನೋವನ್ನು ಅರಿಯಲು ಬಳಕೆಯಾಗುತ್ತಿದೆ. ಆ ಋಣ ತೀರಿಸುವ ದಾರಿಗಳಲ್ಲಿ ಇದೂ ಒಂದು.

ನೀವೇ ಯೋಚಿಸಿ

1. ಫಾರ್ಮಲಿನ್ ಚುಚ್ಚಿ ನೋಡದೇ ಇದ್ದಿದ್ದರೆ ಸೆಲ್ಯೆ ಯಾವ ತಪ್ಪು ತೀರ್ಮಾನಕ್ಕೆ ಬರುತ್ತಿದ್ದರು?
2. ನಿನ್ನೆಯ ಗಾಬರಿಯನ್ನು ತಿಳಿಯಲು ಕೂದಲಿನ ಪರೀಕ್ಷೆ ಸಾಕೇ? ಏಕೆ?
3. ನಿಮ್ಮ ಮನೆಯಲ್ಲಿ ಹಸು, ನಾಯಿ, ಬೆಕ್ಕು ಇದೆಯೇ? ಅದು ಗಾಬರಿಗೊಂಡಿದೆ ಎಂದು ನಿಮಗೆ ಯಾವ ಗುರುತುಗಳಿಂದ ತಿಳಿಯುತ್ತದೆ? ಒಂದು ವಾರ ಗಮನಿಸಿ, ಬರೆದು ತಂದು ತರಗತಿಯಲ್ಲಿ ಓದಿ.