ಚಿಟ್ಟೆ ಸಾಕಿದ ಬೆಲ್ ಸಾಹೇಬರು



ಹೋದ ಮಳೆಗಾಲದಲ್ಲಿ ನಾನು ನಮ್ಮ ಅಟ್ಟೂರು ಕೆರೆ ಏರಿಯ ಎಕ್ಕದ ಗಿಡದಿಂದ ಮೂರು ಹುಳ ತಂದು ಡಬ್ಬಿಯಲ್ಲಿ ಸಾಕಿದೆ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು ಅಂತ ನಮ್ಮಜ್ಜಿ ಬೈದರು. ಅದಕ್ಕೇ ದಾಸವಾಳದ ಎಲೆ ಹಾಕಿದೆ. ಒಂದೂ ತಿನ್ನಲಿಲ್ಲ. ಮೂರೂ ಸತ್ತುಹೋದವು. ವಿಜ್ಞಾನದ ಮೇಷ್ಟ್ರ ಹತ್ತಿರ ಹೇಳ್ಕೊಂಡು ಅತ್ತೆ. ಆಗ ಅವರು ಬೆಲ್ ಸಾಹೇಬರ ವಿಷಯ ತಿಳಿಸಿದರು. ಅದನ್ನೇ ಇಲ್ಲಿ ಬರೆದಿದ್ದೇನೆ.

ಅವರ ಪೂರ್ತಿ ಹೆಸರು ಥಾಮಸ್ ರೀಡ್ ಡೇವಿಸ್ ಬೆಲ್. 1863 ರಲ್ಲಿ ಐರ್ಲೆಂಡ್ ದೇಶದಲ್ಲಿ ಜನಿಸಿದರು. ಅರಣ್ಯ ಇಲಾಖೆಯ ಅಧಿಕಾರಿಯಾಗಿ ಭಾರತಕ್ಕೆ ಬಂದರು. ಕಾರವಾರದ ಕಡೆಯ ಕಾಡಿನಲ್ಲಿ ಕೆಲಸ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಇಬ್ಬರು ಗೆಳೆಯರು ಸಿಕ್ಕಿದರು. ಡೇವಿಡ್ಸನ್ ಎಂಬುವರು ಕಲೆಕ್ಟರು, ಐಟ್ಕನ್ ಎಂಬುವರು ಉಪ್ಪಿನ ಸುಂಕದ ಇಲಾಖೆಯವರು. ಮೂವರಿಗೂ ಚಿಟ್ಟೆ ಹುಚ್ಚು!

ಆ ಕಾಲದ ಸಾಹೇಬರು ಬಲೆ ಬೀಸಿ ಚಿಟ್ಟೆ ಹಿಡಿದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡ್ತಿದ್ದರಂತೆ. ಬೆಲ್ ಅವರೂ ಹಿಡಿದಿದ್ದಾರೆ, ಸುಳ್ಳು ಹೇಳಬಾರದು. ಆದರೆ ಇವರು ಹುಳ ತಂದು ಸಾಕಿದರು. ಅದು ಕೋಶವಾಗಿ, ಒಳಗಿಂದ ಯಾವ ಚಿಟ್ಟೆ ಬರುತ್ತೆ ಅಂತ ಕಾದು ನೋಡಿ ಬರೆದಿಟ್ಟರು. ಹುಳ ಸಾಕಬೇಕಾದರೆ ಅದು ತಿನ್ನೋ ಗಿಡ ಗೊತ್ತಿರಬೇಕು. ಎಲ್ಲಾ ಹುಳ ಎಲ್ಲಾ ಗಿಡ ತಿನ್ನಲ್ಲ. ನಿಂಬೆ, ಕರಿಬೇವು ತಿನ್ನೋದು ಎಕ್ಕ ಮುಟ್ಟಲ್ಲ. ಎಕ್ಕ ತಿನ್ನೋದು ದಾಸವಾಳ ಮುಟ್ಟಲ್ಲ (ನನಗೆ ಇದು ಗೊತ್ತಿರಲಿಲ್ಲ). ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಹುಳಕ್ಕೆ ಈಶ್ವರ ಬಳ್ಳಿ ಜಾತಿಯ ಗಿಡವೇ ಆಗಬೇಕು. ಹೀಗಾಗಿ ಬೆಲ್ ಅವರು ಕಾಡಿನ ಗಿಡಗಳನ್ನೂ ಕಲಿತರು, ಸಂಗ್ರಹಿಸಿದರು.

1896 ರಿಂದ ಮೂವರೂ ಸೇರಿ ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. 1937 ರಲ್ಲಿ ಸ್ಕಾಟ್ ಎಂಬುವರ ಜೊತೆ ಬರೆದ ಪತಂಗಗಳ ಪುಸ್ತಕ ಬಂತು. ಆಗ ಇವರಿಗೆ ಎಪ್ಪತ್ತು ದಾಟಿತ್ತು! ನಿವೃತ್ತರಾದ ಮೇಲೂ ತಮ್ಮ ದೇಶಕ್ಕೆ ಹೋಗದೆ ಕಾರವಾರದಲ್ಲೇ ಉಳಿದರು. 1948 ರಲ್ಲಿ ತೀರಿಕೊಂಡರು.

ಇದನ್ನ ಕೇಳಿದ ಮೇಲೆ ಇನ್ನೊಂದು ಹುಳ ತಂದು ಎಕ್ಕದ ಎಲೆಯನ್ನೇ ಹಾಕಿದೆ. ಪ್ರತಿಸಲ ಸೋಪು ಹಾಕಿ ಕೈ ತೊಳ್ಕೊಂಡೆ. ಹಸಿರು ಕೋಶವಾಯಿತು. ಹತ್ತನೇ ದಿನ ಬೆಳಿಗ್ಗೆ ಕಿತ್ತಳೆ ಬಣ್ಣದ ಚಿಟ್ಟೆ! ಅಜ್ಜಿನೂ ಬಂದು ನೋಡಿದರು.

ನಮ್ಮ ಶಾಲೆ ಹಿಂದಿನ ಗೋಡೆ ಹತ್ತಿರ ಒಂದೇ ಒಂದು ಎಕ್ಕದ ಗಿಡ ಉಳಿದಿದೆ. ನಿನ್ನೆ ಅದರ ಎಲೆ ಕೆಳಗೆ ಒಂದು ಬಿಳಿ ಮೊಟ್ಟೆ ನೋಡಿದೆ. ಶನಿವಾರ ಶ್ರಮದಾನದಲ್ಲಿ ಕಳೆ ಕೀಳೋರು ದಯವಿಟ್ಟು ಆ ಗಿಡ ಬಿಟ್ಟುಬಿಡಿ.