ಕವಾಸ್‌ಜಿಯ ಮೂಗು

ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ನಮ್ಮ ದಾವಣಗೆರೆ, ಹರಿಹರಗಳನ್ನು ಹಾದುಹೋಗುತ್ತದೆ. ಆ ದಾರಿಯಲ್ಲಿ ಅಪಘಾತಕ್ಕೀಡಾಗಿ ಮುಖ ಸೀಳಿಕೊಂಡು ಬಂದವನಿಗೆ ವೈದ್ಯರು ಹೊಲಿಗೆ ಹಾಕುವಾಗ ನನಗೆ ನೆನಪಾಗುವವನು ಕವಾಸ್‌ಜಿ. ಮೈಸೂರು ಸೀಮೆಯಲ್ಲಿ ಕಳೆದುಕೊಂಡ ಮೂಗನ್ನು ಪುಣೆಯ ಬಳಿ ಮರಳಿ ಪಡೆದವನು ಅವನು.

ಕವಾಸ್‌ಜಿ ಮರಾಠ ಒಕ್ಕಲಿಗ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದವನು. 1792ರಲ್ಲಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು ಇಂಗ್ಲಿಷರ ಬರಹ ತಿಳಿಸುತ್ತದೆ. ಕೈ ಹೋದವನು ದುಡಿಮೆ ಕಳೆದುಕೊಳ್ಳುತ್ತಾನೆ. ಮೂಗು ಹೋದವನು ನಾಲ್ವರ ನಡುವೆ ತಲೆಯೆತ್ತಲಾರ. ಒಂದು ವರ್ಷಕ್ಕೂ ಮೇಲ್ಪಟ್ಟು ಅವನು ಆ ಮುಖದಲ್ಲೇ ಬದುಕಿದ.

ಬಳಿಕ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ನೆರವಿಗೆ ಬಂದ. ಮೇಣದಲ್ಲಿ ಮೂಗಿನ ಅಚ್ಚು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿದ. ಕಣ್ಣುಗಳ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿದ. ನೆತ್ತರು ಹರಿಯುವ ದಾರಿ ಅದೇ. ಚರ್ಮವನ್ನು ತಿರುಗಿಸಿ ಕೆಳಗಿಳಿಸಿ, ಹಳೆಯ ಗಾಯದ ಅಂಚನ್ನು ಹೊಸದಾಗಿ ಕೊಯ್ದು ಅದಕ್ಕೆ ಕೂಡಿಸಿದ. ಹೊಲಿಗೆ ಹಾಕಲಿಲ್ಲ, ನೀರಿನಲ್ಲಿ ಮೆತ್ತಗಾದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಸವರಿ ಅಂಟಿಸಿದ. ಸುಮಾರು 25 ದಿನಗಳ ತರುವಾಯ ಉಳಿದ ಪಟ್ಟಿಯನ್ನು ಕತ್ತರಿಸಿದ.

ಈ ವಿದ್ಯೆಯ ಬೇರು ಹಳೆಯದು. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. ಹೊಲಿಯುವ ಮುನ್ನ ಗಾಯದ ಧೂಳನ್ನೂ ಕೂದಲನ್ನೂ ತೆಗೆಯಬೇಕು, ಹೊಲಿಗೆಗಳು ಅತಿ ದೂರವೂ ಅತಿ ಹತ್ತಿರವೂ ಆಗಬಾರದು ಎಂಬ ವಿಧಿಯೂ ಅಲ್ಲಿದೆ. 1965ರಿಂದ ವೈದ್ಯವಿದ್ಯೆ ಕಲಿಸುತ್ತಿರುವ ದಾವಣಗೆರೆಯಲ್ಲಿ ಇಂದಿನ ವಿದ್ಯಾರ್ಥಿ ಕಲಿಯುವುದೂ ಬೇರೆಯಲ್ಲ: ಮೊದಲು ಗಾಯವನ್ನು ತೊಳೆಯಬೇಕು, ತುಟಿ ಹರಿದಿದ್ದರೆ ಅದರ ಕೆಂಪು ಅಂಚನ್ನೇ ಮೊದಲು ಸರಿಗೂಡಿಸಬೇಕು, ಹುಬ್ಬನ್ನು ಬೋಳಿಸಬಾರದು. ಮುಖಕ್ಕೆ ನೆತ್ತರಿನ ಪೂರೈಕೆ ಹೇರಳವಾದ್ದರಿಂದ ಚರ್ಮ ಬೇಗ ಕೂಡುತ್ತದೆ. ಕಲೆ ಉಳಿಯದಂತೆ ಐದಾರು ದಿನಗಳಲ್ಲಿ ದಾರ ತೆಗೆಯುತ್ತಾರೆ.

1794ರ ಆರಂಭದಲ್ಲಿ ಜೇಮ್ಸ್ ವೇಲ್ಸ್ ಕವಾಸ್‌ಜಿಯ ಹೊಸ ಮುಖವನ್ನು ಚಿತ್ರಿಸಿದ. ಅದೇ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಈ ವೃತ್ತಾಂತವನ್ನು ಪ್ರಕಟಿಸಿತು. ಇದರಿಂದ ಪ್ರೇರಿತನಾದ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಈ ಚಿಕಿತ್ಸೆಯನ್ನು ನಡೆಸಿ ಗೆದ್ದ. ಕವಾಸ್‌ಜಿ ಕಂಪನಿಯ ಪಿಂಚಣಿಯಲ್ಲಿ ಬದುಕಿದ.

ಗಾಯಾಳುವಿನ ಹೆಸರು ಉಳಿಯಿತು. ಚಿತ್ರಕಾರನ ಹೆಸರೂ ಉಳಿಯಿತು. ಮೂಗು ಕಟ್ಟಿದವನ ಕುಲವನ್ನು ಮಾತ್ರ ಬರೆದುಕೊಂಡರು. ಹೆಸರನ್ನು ಕೇಳಲು ಯಾರಿಗೂ ತೋಚಲಿಲ್ಲ.