ಸತ್ಪುರುಷರ ಚರಿತ್ರೆಯನ್ನು ಕೂಡಿ ಓದಿಸಿದ ಹರ್ಡೇಕರ ಮಂಜಪ್ಪನವರು

ಸತ್ಪುರುಷರ ಚರಿತ್ರೆಯನ್ನು ಒಬ್ಬರು ಓದುವುದು, ಹತ್ತು ಮಂದಿ ಕೂಡಿ ಕುಳಿತು ಕೇಳುವುದು ನಮ್ಮ ನಾಡಿನಲ್ಲಿ ಬಹು ಹಿಂದಿನಿಂದ ನಡೆದುಬಂದ ಪದ್ಧತಿ. ಸಿದ್ದರಬೆಟ್ಟದ ಸುತ್ತಣ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಗಳ ಹಳ್ಳಿಗಳಲ್ಲಿ ಶ್ರಾವಣ ಬಂದಿತೆಂದರೆ ಗುಡಿಯ ಜಗುಲಿಯ ಮೇಲೋ ಮಠದ ಅಂಗಳದಲ್ಲೋ ವ್ಯಾಸಪೀಠವನ್ನಿಟ್ಟು, ದೀಪ ಹಚ್ಚಿ, ಭೀಮಕವಿಯ ಬಸವಪುರಾಣವನ್ನೋ ಚಾಮರಸನ ಪ್ರಭುಲಿಂಗಲೀಲೆಯನ್ನೋ ಓದಿಸುವ ವಾಡಿಕೆಯನ್ನು ಹಿರಿಯರೆಲ್ಲರೂ ಬಲ್ಲರು. ಓದುವವನು ಪದ್ಯವನ್ನು ರಾಗವಾಗಿ ಹೇಳುವನು. ಅರ್ಥ ಹೇಳುವವನು ಅದನ್ನು ಬಿಡಿಸಿ ತಿಳಿಸುವನು. ಅಕ್ಷರವರಿಯದ ಒಕ್ಕಲಿಗನೂ ಹೆಂಗಸರೂ ಮಕ್ಕಳೂ ಕೇಳಿ ತಲೆದೂಗುವರು. ಓದು ಬಾರದವರಿಗೂ ಓದಿನ ಫಲ ದೊರೆಯುವಂತೆ ಮಾಡಿದ ಏರ್ಪಾಡು ಇದು.

ಈ ಹಳೆಯ ಪದ್ಧತಿಯ ಬೆಲೆಯನ್ನರಿತು, ಅದರಲ್ಲಿ ಹೊಸ ಕಾಲಕ್ಕೆ ಬೇಕಾದ ಹುರುಳನ್ನು ತುಂಬಿ, ಬಸವಣ್ಣನವರ ಚರಿತ್ರೆಯನ್ನೂ ಮಹಾತ್ಮ ಗಾಂಧಿಯವರ ಚರಿತ್ರೆಯನ್ನೂ ಕನ್ನಡಿಗರ ಮುಂದಿಟ್ಟ ಪುಣ್ಯಪುರುಷರು ಹರ್ಡೇಕರ ಮಂಜಪ್ಪನವರು. ಕರ್ನಾಟಕದ ಗಾಂಧಿ ಎಂದು ನಾಡು ಅವರನ್ನು ಗೌರವದಿಂದ ಕರೆಯಿತು. ಮಠದ ನೆರಳಿನಲ್ಲಿ ಬೆಳೆದ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಅವರ ಬದುಕನ್ನು ನೆನೆಯುವುದು ಉಚಿತವೇ ಆಗಿದೆ. ಏಕೆಂದರೆ ಅವರ ಮೊದಲ ದೊಡ್ಡ ಕಾರ್ಯಕ್ಕೆ ನೆಲೆಯಾದುದು ಒಂದು ಮಠ, ಕೊನೆಯ ದೊಡ್ಡ ಕಾರ್ಯವಾಗಿ ನಿಂತುದು ಒಂದು ವಿದ್ಯಾಲಯ.

ಮಂಜಪ್ಪನವರು 1886ನೆಯ ಫೆಬ್ರವರಿ 18ರಂದು ಬನವಾಸಿಯಲ್ಲಿ ಜನಿಸಿದರು. ಕದಂಬರ ರಾಜಧಾನಿಯಾಗಿ ಮೆರೆದ, ಆದಿಕವಿ ಪಂಪನ ಮನಸ್ಸನ್ನು ಸೆರೆಹಿಡಿದ, ಮಧುಕೇಶ್ವರನ ನೆಲೆಯಾದ ಆ ಊರು ಅಂದು ಮುಂಬಯಿ ಆಧಿಪತ್ಯಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಒಂದು ಸಾಮಾನ್ಯ ಗ್ರಾಮವಾಗಿತ್ತು. ಮನೆತನದಲ್ಲಿ ಬಡತನವಿತ್ತು. ಬಡತನವು ಬುದ್ಧಿಗೆ ಅಡ್ಡಿಯಾಗಲಿಲ್ಲ. ಅವರು 1903ರಲ್ಲಿ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಶಿರಸಿಯಲ್ಲಿ ಶಾಲಾ ಉಪಾಧ್ಯಾಯರಾದರು. ಅಂದಿನ ದಿನಗಳಲ್ಲಿ ಮುಲ್ಕಿ ಮುಗಿಸಿದ ಬಡ ಹುಡುಗನಿಗೆ ಸರಕಾರದ ಮಾಸ್ತರಿಕೆ ದೊರೆಯಿತೆಂದರೆ ಮನೆಗೆ ಒಂದು ಆಸರೆ ಸಿಕ್ಕಿದಂತೆಯೇ. ಸಂಬಳ ಅಲ್ಪವಾದರೂ ಅದು ತಿಂಗಳು ತಿಂಗಳೂ ತಪ್ಪದೆ ಬರುವಂಥದು.

ಆದರೆ ಕಾಲವು ಬೇರೊಂದು ಕರೆಯನ್ನು ಕೊಟ್ಟಿತು. 1905ರಲ್ಲಿ ವಂಗದೇಶವನ್ನು ಇಬ್ಭಾಗ ಮಾಡಿದ ಸರಕಾರದ ಕ್ರಮದಿಂದ ಸ್ವದೇಶೀ ಚಳವಳಿಯು ದೇಶದ ಉದ್ದಗಲಕ್ಕೂ ಹಬ್ಬಿತು. ಪುಣೆಯಿಂದ ಬರುತ್ತಿದ್ದ ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆಯು ಗಡಿಯ ಕನ್ನಡ ಜಿಲ್ಲೆಗಳ ತರುಣರಿಗೆ ನಿತ್ಯಪಾಠವಾಯಿತು. ಮಂಜಪ್ಪನವರೂ ಆ ಪಾಠವನ್ನು ಓದಿದರು. ಓದಿದುದು ಒಂದು, ಬದುಕುವುದು ಇನ್ನೊಂದು ಎಂಬ ಅಂತರ ಅವರಿಗೆ ಸಹನೆಯಾಗಲಿಲ್ಲ. 1906ರಲ್ಲಿ ಅವರು ಸರಕಾರದ ಕೆಲಸಕ್ಕೆ ರಾಜೀನಾಮೆಯಿತ್ತು, ಮೈಸೂರು ಸಂಸ್ಥಾನಕ್ಕೆ ಸೇರಿದ್ದ ದಾವಣಗೆರೆಗೆ ಬಂದು ಧನುರ್ಧಾರಿ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ.

ಅಂದಿನ ಪತ್ರಿಕೆಯ ಸ್ಥಿತಿಯನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ನೂರು ಮಂದಿಯಲ್ಲಿ ಹತ್ತು ಮಂದಿಗೂ ಓದು ಬರಹ ಬಾರದ ಕಾಲವದು. ಪತ್ರಿಕೆಯು ಅಂಗಡಿಯ ಕಟ್ಟೆಗೆ ಬಂದರೆ ಅಕ್ಷರಸ್ಥನೊಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕಿವಿಗೊಡಬೇಕು. ಹೀಗಾಗಿ ಪತ್ರಿಕೆಯ ಒಂದು ಪ್ರತಿ ಹತ್ತು ಮನೆಗೆ ಸಲ್ಲುತ್ತಿತ್ತು. ಬರೆಯುವವನಾದರೂ ಕಿವಿಗೆ ತಿಳಿಯುವ ಕನ್ನಡವನ್ನೇ ಬರೆಯಬೇಕಾಗಿತ್ತು. ಮಂಜಪ್ಪನವರ ಗದ್ಯಕ್ಕೆ ಬಂದ ತಿಳಿ, ನೇರ, ಬಿಗಿಗಳ ಮೂಲ ಇಲ್ಲಿದೆ. 1908ರಲ್ಲಿ ಮೈಸೂರು ಸರಕಾರವು ಪತ್ರಿಕೆಗಳನ್ನು ಹದ್ದಿನಲ್ಲಿಡುವ ಕಾಯಿದೆಯನ್ನು ತಂದಿತು. ತಿಲಕರು ಅದೇ ವರ್ಷ ರಾಜದ್ರೋಹದ ಆಪಾದನೆಗೆ ಗುರಿಯಾಗಿ ಆರು ವರ್ಷಗಳ ಶಿಕ್ಷೆಗೊಳಗಾಗಿ ಮಂಡಾಲೆಗೆ ಹೋದರು. ಸ್ವದೇಶೀ ವ್ರತವನ್ನು ಹಿಡಿದ ಪತ್ರಿಕೆಯವರಿಗೆ ಅದು ಅಗ್ನಿಪರೀಕ್ಷೆಯ ಕಾಲ.

ಈ ಕಾಲದಲ್ಲಿಯೇ ಮಂಜಪ್ಪನವರ ಮನಸ್ಸು ಒಳಮುಖವಾಗಿ ತಿರುಗಿತು. ದೇಶಸೇವೆಗೆ ನಿಲ್ಲುವವನು ಮೊದಲು ತನ್ನನ್ನು ತಾನು ಗೆಲ್ಲಬೇಕೆಂಬ ನಿಶ್ಚಯದಿಂದ 1910ರಲ್ಲಿ ಅವರು ಆಜೀವ ಬ್ರಹ್ಮಚರ್ಯದ ವ್ರತವನ್ನು ಕೈಗೊಂಡರು. ಮರುವರ್ಷದ ಶ್ರಾವಣದಲ್ಲಿ, ಅಂದರೆ 1911ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿ ಪೂಜ್ಯ ಮೃತ್ಯುಂಜಯ ಅಪ್ಪಗಳವರ ಆಶ್ರಯದಲ್ಲಿ ಭಜನೆ ಉಪನ್ಯಾಸಗಳ ಕಾರ್ಯವು ಮೊದಲಾಯಿತು. ಶ್ರಾವಣವೂ ಹಳೆಯದೇ, ಮಠವೂ ಹಳೆಯದೇ, ಕೂಡಿ ಕೇಳುವ ಪದ್ಧತಿಯೂ ಹಳೆಯದೇ. ಕೇಳಿಸಿದ ವಿಷಯದಲ್ಲಿ ಮಾತ್ರ ಹೊಸತನವಿತ್ತು. ಶರಣರ ಬಾಳು ಹೇಗಿತ್ತು, ಅವರು ಏತಕ್ಕಾಗಿ ಕಷ್ಟಪಟ್ಟರು, ಅದರಿಂದ ಈಗಿನವರು ಕಲಿಯಬೇಕಾದುದೇನು ಎಂಬ ವಿಚಾರವು ಮಠದ ಅಂಗಳದಲ್ಲಿ ಜನರ ಕಿವಿಗೆ ಬಿದ್ದಿತು.

ಇದರ ಮುಂದಿನ ಹೆಜ್ಜೆಯೇ 1913ರಲ್ಲಿ ದಾವಣಗೆರೆಯಲ್ಲಿ ನಡೆದ ಬಸವ ಜಯಂತಿ. ತಿಲಕರು ಮಹಾರಾಷ್ಟ್ರದಲ್ಲಿ ಗಣೇಶೋತ್ಸವವನ್ನೂ ಶಿವಾಜಿ ಉತ್ಸವವನ್ನೂ ಸಾರ್ವಜನಿಕವಾಗಿ ನಡೆಸಿ ಜನರಲ್ಲಿ ಎಚ್ಚರವನ್ನುಂಟುಮಾಡಿದ್ದರು. ಅದನ್ನು ಕಂಡಿದ್ದ ಮಂಜಪ್ಪನವರು ಮೃತ್ಯುಂಜಯ ಅಪ್ಪಗಳವರೊಡನೆ ಕೂಡಿ, ಬಸವಣ್ಣನವರ ಜನ್ಮದಿನವನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಮೇಲ್ಪಂಕ್ತಿಯನ್ನು ಹಾಕಿಕೊಟ್ಟರು. ಇಂದು ವೈಶಾಖ ಶುದ್ಧ ತದಿಗೆಯಂದು ನಾಡಿನಲ್ಲೆಲ್ಲ ನಡೆಯುವ ಉತ್ಸವದ ಬೇರು ಅಲ್ಲಿದೆ.

ಆ ಕಾರ್ಯದ ಮಹತ್ತ್ವವನ್ನು ಅರಿಯಬೇಕಾದರೆ ಅಂದಿನ ಸ್ಥಿತಿಯನ್ನು ನೆನೆಯಬೇಕು. ಬಸವಣ್ಣನವರನ್ನು ಅಂದಿನ ಭಕ್ತರು ಅರಿತುದು ಮುಖ್ಯವಾಗಿ ಪುರಾಣಗಳಿಂದ. ಪುರಾಣದಲ್ಲಿ ಅವರು ನಂದೀಶ್ವರನ ಅವತಾರ. ಅವರ ಸುತ್ತ ಪವಾಡಗಳ ಪ್ರಭಾವಳಿ. ವಚನಗಳ ತಾಡವೋಲೆಗಳು ಬಹುಪಾಲು ಮಠ ಮನೆಗಳ ಮಾಡಗಳಲ್ಲಿಯೇ ಇದ್ದವು, ಫ. ಗು. ಹಳಕಟ್ಟಿಯವರ ವಚನಶಾಸ್ತ್ರಸಾರವು ಹೊರಬಂದುದು 1923ರಲ್ಲಿ. ಹೀಗಿರುವಾಗ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಬಳಿ ಅಧಿಕಾರದಲ್ಲಿದ್ದು, ಕಾಯಕವನ್ನೂ ದಾಸೋಹವನ್ನೂ ಸಾರಿ, ಜಾತಿಯ ಕಟ್ಟನ್ನು ಸಡಿಲಿಸಲು ಹೊರಟು, ಅದಕ್ಕಾಗಿ ಅಧಿಕಾರವನ್ನೇ ತೊರೆದ ಮಹಾಮಾನವನೊಬ್ಬನ ಚರಿತ್ರೆಯಾಗಿ ಅದನ್ನು ಜನರ ಮುಂದಿಡುವುದು ಸುಲಭದ ಮಾತಾಗಿರಲಿಲ್ಲ. ಅವತಾರಪುರುಷನಿಗೆ ಕೈಮುಗಿದು ಮನೆಗೆ ಹೋಗಬಹುದು. ತನ್ನಂತೆಯೇ ಮನುಷ್ಯನಾಗಿ ಹುಟ್ಟಿ ಇಷ್ಟನ್ನು ಮಾಡಿದವನ ಕಥೆಯನ್ನು ಕೇಳಿದವನಾದರೆ ತಾನೇನು ಮಾಡಿದೆನೆಂದು ಕೇಳಿಕೊಳ್ಳಲೇಬೇಕಾಗುತ್ತದೆ. ಮಂಜಪ್ಪನವರು ಭಕ್ತಿಯನ್ನು ಕಳೆಯದೆ ಈ ಪ್ರಶ್ನೆಯನ್ನು ಭಕ್ತರ ಎದೆಯಲ್ಲಿ ನೆಟ್ಟರು. ಬಸವಣ್ಣನವರ ಚರಿತ್ರೆಯನ್ನು ಸರಳ ಗದ್ಯದಲ್ಲಿ ಬರೆದು ಸಾಮಾನ್ಯರ ಕೈಗೆ ಎಟುಕುವಂತೆ ಮಾಡಿದರು.

1917ರ ಚಂಪಾರಣ್ಯದ ಸತ್ಯಾಗ್ರಹದಿಂದ ಗಾಂಧೀಜಿಯವರ ಹೆಸರು ದೇಶಕ್ಕೆಲ್ಲ ಪರಿಚಿತವಾಯಿತು. 1920ರಲ್ಲಿ ತಿಲಕರು ಕಾಲವಾದ ಮೇಲೆ ದೇಶದ ಕಣ್ಣುಗಳೆಲ್ಲ ಅವರತ್ತ ತಿರುಗಿದವು. ಗಾಂಧೀಜಿಯವರ ಆತ್ಮಕಥೆಯು ನವಜೀವನದಲ್ಲಿ ಅಚ್ಚಾಗತೊಡಗಿದುದು 1925ರಲ್ಲಿ. ಅದಕ್ಕೂ ಮುಂಚಿತವಾಗಿಯೇ ಗಾಂಧೀಜಿಯವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಪ್ರಚುರಪಡಿಸಿದ ಮೊದಲಿಗರ ಸಾಲಿಗೆ ಮಂಜಪ್ಪನವರು ಸೇರುತ್ತಾರೆ. ಬ್ರಹ್ಮಚರ್ಯ, ಸರಳಜೀವನ, ದೇಹಶ್ರಮಗಳನ್ನು ತಾವಾಗಿಯೇ ವ್ರತವನ್ನಾಗಿ ಹಿಡಿದಿದ್ದ ಅವರಿಗೆ ಗಾಂಧೀಜಿಯವರ ಬಾಳು ಹೊಸದಾಗಿ ಕಾಣಲಿಲ್ಲ. ತಾವು ಅರಸುತ್ತಿದ್ದುದೇ ಎದುರಿಗೆ ಬಂದು ನಿಂತಂತೆ ಕಂಡಿತು.

ಈ ಎರಡು ಚರಿತ್ರೆಗಳನ್ನು ಅವರು ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದಿಸಿದರು. ಕಾಯಕವೆಂದರೇನೆಂದು ಕೇಳಿದವನಿಗೆ ಚರಕವು ಕಣ್ಣೆದುರಿನ ಉದಾಹರಣೆಯಾಯಿತು. ಅಸ್ಪೃಶ್ಯತೆಯ ನಿವಾರಣೆಯು ಎಲ್ಲಿಂದಲೋ ಬಂದ ಹೊಸ ಮಾತೆಂದು ಅನುಮಾನಿಸಿದವನಿಗೆ ಕಲ್ಯಾಣದ ಶರಣರ ಕಥೆಯು ಉತ್ತರವಾಯಿತು. ದಾಸೋಹದ ಅರ್ಥವು ಅನ್ನದಾನದಿಂದ ದೇಶಸೇವೆಯವರೆಗೆ ಹಿಗ್ಗಿತು. ಇಬ್ಬರು ಮಹಾತ್ಮರ ನಡುವೆ ಏಳೂವರೆ ಶತಮಾನಗಳಿಗೂ ಮಿಕ್ಕ ಅಂತರವಿದೆ. ಒಬ್ಬರ ಕಾಲದ ಮಾತಿನಿಂದ ಇನ್ನೊಬ್ಬರನ್ನು ಅಳೆದರೆ ಇಬ್ಬರಿಗೂ ನ್ಯಾಯ ಸಲ್ಲದೆಂದು ವಿದ್ವಾಂಸರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮಂಜಪ್ಪನವರ ಲಕ್ಷ್ಯವೆಲ್ಲ ಆಚರಣೆಯ ಕಡೆಗಿತ್ತು. ಚರಿತ್ರೆಯನ್ನು ಓದಿದವನ ನಡೆಯಲ್ಲಿ ಒಂದಿಷ್ಟಾದರೂ ಬದಲಾವಣೆ ಕಾಣದಿದ್ದರೆ ಆ ಓದು ವ್ಯರ್ಥವೆಂಬುದು ಅವರ ಬರವಣಿಗೆಯ ಉದ್ದಕ್ಕೂ ಹರಿಯುವ ಭಾವ.

ತಾವು ಬರೆದುದನ್ನು ಮೊದಲು ತಾವೇ ಬದುಕಿ ತೋರಿಸಲು ಅವರು ಮುಂದಾದರು. ಹರಿಹರದ ಬಳಿ ತುಂಗಭದ್ರೆಯ ತೀರದಲ್ಲಿ ಆಶ್ರಮವನ್ನು ಕಟ್ಟಿದರು. ಖಾದಿಯ ಪ್ರಚಾರಕ್ಕಾಗಿ ಖಾದಿ ವಿಜಯವನ್ನೂ, ದುಡಿಮೆಯ ಗೌರವವನ್ನು ತಿಳಿಸಲು ಉದ್ಯೋಗವನ್ನೂ, ಶರಣಧರ್ಮದ ಪ್ರಸಾರಕ್ಕಾಗಿ ಶರಣ ಸಂದೇಶವನ್ನೂ ಬೇರೆ ಬೇರೆ ಸಮಯಗಳಲ್ಲಿ ನಡೆಸಿದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಧಿವೇಶನವು ಸೇರಿದಾಗ, ದೇಶದ ನಾನಾ ಭಾಗಗಳಿಂದ ಬಂದವರಿಗೆ ಬಸವತತ್ತ್ವದ ಪರಿಚಯವನ್ನು ಮಾಡಿಕೊಡುವ ಸಂದರ್ಭವನ್ನು ಅವರು ಬಿಡಲಿಲ್ಲ.

1927ರಲ್ಲಿ ಮಂಜಪ್ಪನವರು ಕೃಷ್ಣಾನದಿಯ ದಡದ ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ಸ್ಥಾಪಿಸಿದರು. ಬಸವಣ್ಣನವರು ಹುಟ್ಟಿದ ಬಾಗೇವಾಡಿಗೂ ಅವರು ಐಕ್ಯರಾದ ಕೂಡಲಸಂಗಮಕ್ಕೂ ಬಹಳ ದೂರವಲ್ಲದ ಆ ಸ್ಥಳದ ಆಯ್ಕೆಯಲ್ಲಿಯೇ ಅವರ ಹೃದಯವು ಕಾಣುತ್ತದೆ. ಶಿರಸಿಯಲ್ಲಿ ಉಪಾಧ್ಯಾಯವೃತ್ತಿಯನ್ನು ಬಿಟ್ಟು ಹೊರಬಂದವರು ಇಪ್ಪತ್ತೊಂದು ವರ್ಷಗಳ ತರುವಾಯ ಮತ್ತೆ ಉಪಾಧ್ಯಾಯರೇ ಆದರು. ಈ ಸಲ ಸಂಬಳವಿರಲಿಲ್ಲ, ಸರಕಾರದ ಪಠ್ಯಕ್ರಮದ ಕಟ್ಟೂ ಇರಲಿಲ್ಲ. ಗುರುಕುಲದ ರೀತಿಯಲ್ಲಿ ಪ್ರಾರ್ಥನೆ, ಅಭ್ಯಾಸ, ನೂಲುವುದು, ಮೈಮುರಿದು ದುಡಿಯುವುದು ಎಲ್ಲವೂ ಅಲ್ಲಿ ಒಂದೇ ಶಿಕ್ಷಣದ ಅಂಗಗಳಾಗಿದ್ದವು. ಮಠಮಾನ್ಯಗಳ ಪೂಜ್ಯರೂ ಊರಿನ ದಾನಿಗಳೂ ನೀಡಿದ ನೆರವಿನಿಂದ ಇಂಥ ಸಂಸ್ಥೆಗಳು ಉಸಿರಾಡುತ್ತವೆ. ಕೊಡುವ ಕೈಗೆ ಕೊಟ್ಟುದು ಸಾರ್ಥಕವಾಯಿತೆಂಬ ನಂಬಿಕೆ ಬರಬೇಕಾದರೆ ಪಡೆಯುವವನ ಬಾಳು ತೆರೆದ ಪುಸ್ತಕದಂತಿರಬೇಕು. ಆಸ್ತಿಯಿಲ್ಲದ, ಸಂಸಾರವಿಲ್ಲದ, ತಾನು ನೂತ ಬಟ್ಟೆಯನ್ನುಡುವ ಮನುಷ್ಯನು ಸಮಾಜದ ಮುಂದೆ ಕೈಯೊಡ್ಡಿದಾಗ ಅದು ತನಗಾಗಿ ಅಲ್ಲವೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರು ಬರೆದ ಕಿರುಹೊತ್ತಗೆಗಳು ಹತ್ತಾರು. ಪಾಂಡಿತ್ಯಪ್ರದರ್ಶನಕ್ಕೆ ಅವುಗಳಲ್ಲಿ ಎಡೆಯಿಲ್ಲ. ಬಾಲಕರಿಗೆ, ಸ್ತ್ರೀಯರಿಗೆ, ಸೇವೆಗೆ ಹೊರಟ ತರುಣರಿಗೆ ಬೇಕಾದ ಮಾತನ್ನು ಅವರು ಬೇಕಾದಷ್ಟೇ ಹೇಳಿದರು. ತಮ್ಮ ಮೂವತ್ತು ವರ್ಷಗಳ ಸೇವೆಯ ವೃತ್ತಾಂತವನ್ನೂ ಬರೆದಿಟ್ಟರು. ಇತರರ ಚರಿತ್ರೆಯನ್ನು ಓದಿಸುತ್ತ ಬಂದವರು ತಮ್ಮ ಬಾಳಿನ ಲೆಕ್ಕವನ್ನೂ ಸಮಾಜಕ್ಕೆ ಒಪ್ಪಿಸಿದುದು ಅವರ ಪ್ರಾಮಾಣಿಕತೆಗೆ ತಕ್ಕುದಾಗಿತ್ತು.

ಮಂಜಪ್ಪನವರು 1947ನೆಯ ಜನವರಿ 3ರಂದು ಲಿಂಗೈಕ್ಯರಾದರು. ಅವರ ವಯಸ್ಸು ಅರವತ್ತೊಂದು ತುಂಬಲು ಕೆಲವು ವಾರಗಳಿದ್ದವು. ದೇಶವು ಸ್ವತಂತ್ರವಾಗಲು ಏಳು ತಿಂಗಳುಗಳಿಗೂ ಮಿಕ್ಕ ಕಾಲವಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಯಾವುದಕ್ಕಾಗಿ ಕೆಲಸವನ್ನು ಬಿಟ್ಟರೋ ಅದನ್ನು ಕಣ್ಣಾರೆ ಕಾಣುವ ಯೋಗ ಅವರಿಗಿರಲಿಲ್ಲ.

ಆಲಮಟ್ಟಿಯ ಹೆಸರನ್ನು ಇಂದು ಜನರು ಅಣೆಕಟ್ಟಿನಿಂದ ಅರಿಯುತ್ತಾರೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆ ಅಣೆಕಟ್ಟಿನ ನೀರು ಬರದ ನೆಲಕ್ಕೆ ಹಸುರನ್ನು ತಂದಿದೆ. ಅದಕ್ಕೂ ಮೂರೂವರೆ ದಶಕಗಳ ಹಿಂದೆಯೇ ಅದೇ ನದಿಯ ದಡದಲ್ಲಿ ಇನ್ನೊಂದು ಬಗೆಯ ಬರವನ್ನು ನೀಗಲು ಒಬ್ಬ ಬಡ ಉಪಾಧ್ಯಾಯನು ಕುಳಿತಿದ್ದನೆಂಬುದನ್ನು ಮರೆಯಲಾಗದು. ಬಸವ ಜಯಂತಿಯು ನಾಡಹಬ್ಬದಂತೆ ಬೆಳೆದಿದೆ. ಅಂದು ಸರಕಾರಿ ರಜೆಯುಂಟು. 2024ರಲ್ಲಿ ಕರ್ನಾಟಕ ಸರಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಮಠದ ಅಂಗಳದಲ್ಲಿ ಬಿತ್ತಿದ ಬೀಜವು ನೂರು ವರ್ಷಗಳಲ್ಲಿ ಮಹಾವೃಕ್ಷವಾಗಿದೆ.

ವೃಕ್ಷವು ಬೆಳೆದಂತೆ ಬೇರಿಗೆ ನೀರೆರೆಯುವುದನ್ನು ಮರೆಯುವ ಅಪಾಯವೂ ಉಂಟು. ಭಾವಚಿತ್ರಕ್ಕೆ ಹಾರ, ಬೀದಿಯಲ್ಲಿ ಮೆರವಣಿಗೆ, ವೇದಿಕೆಯ ಮೇಲೆ ಭಾಷಣ ಇವಿಷ್ಟೇ ಉಳಿದು, ಕೂಡಿ ಕುಳಿತು ಚರಿತ್ರೆಯನ್ನು ಓದುವ, ಓದಿದುದನ್ನು ವಿಚಾರಿಸುವ ಭಾಗವು ಜಾರಿಹೋದರೆ ಜಯಂತಿಯ ಹೆಸರು ಉಳಿದು ಮಂಜಪ್ಪನವರ ಉದ್ದೇಶವು ಅಳಿದಂತೆ. ಅದನ್ನು ಉಳಿಸಿಕೊಳ್ಳಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ. ಶ್ರಾವಣದ ಒಂದು ತಿಂಗಳು, ಸಂಜೆಯ ಒಂದು ಗಳಿಗೆ, ಶಾಲೆಯ ಒಂದು ಪಡಸಾಲೆ ಸಾಕು. ಮೇಲಿನ ತರಗತಿಯ ವಿದ್ಯಾರ್ಥಿಯೊಬ್ಬನು ಸ್ಪಷ್ಟವಾಗಿ ಓದಲಿ. ಉಪಾಧ್ಯಾಯರು ಕಠಿನವಾದುದನ್ನು ಬಿಡಿಸಿ ಹೇಳಲಿ. ಹಳೆಯ ವಿದ್ಯಾರ್ಥಿಗಳೂ ಊರಿನ ಹಿರಿಯರೂ ಬಂದು ಕುಳಿತು ಕೇಳಲಿ, ಕೇಳಿ ಪ್ರಶ್ನಿಸಲಿ. ಬಸವಣ್ಣನವರ ಚರಿತ್ರೆ ಒಂದು ವರ್ಷ, ಗಾಂಧೀಜಿಯವರದು ಒಂದು ವರ್ಷ, ಇವರಿಬ್ಬರನ್ನೂ ಕನ್ನಡಿಗರ ಮನೆಬಾಗಿಲಿಗೆ ತಂದ ಹರ್ಡೇಕರ ಮಂಜಪ್ಪನವರದು ಒಂದು ವರ್ಷ ನಡೆಯಲಿ. ಸಿದ್ದರಬೆಟ್ಟದ ಸೀಮೆಯ ಹಳ್ಳಿಗಳಲ್ಲಿ ಪುರಾಣ ಕೇಳಿದ ಕಿವಿಗಳಿಗೆ ಈ ಕೇಳ್ಮೆಯೂ ಹಿತವಾಗುವುದರಲ್ಲಿ ಸಂದೇಹವಿಲ್ಲ. ಓದಿದ ಮಕ್ಕಳಲ್ಲಿ ಒಬ್ಬನಾದರೂ ಓದಿದಂತೆ ನಡೆಯಲು ಮನಸ್ಸು ಮಾಡಿದರೆ, ವಿದ್ಯಾದಾನವನ್ನು ವ್ರತವಾಗಿ ಕೈಗೊಂಡ ಗುರುಗಳ ಶ್ರಮವೂ ಅದಕ್ಕೆ ಹೆಗಲು ಕೊಟ್ಟ ದಾನಿಗಳ ಕಾಣಿಕೆಯೂ ಸಾರ್ಥಕವಾದಂತೆ.